ಬುರ್ರಕಥೆ ಈರಮ್ಮ: ಅಕ್ಷರ ಕಲಿಯದ ಮಹಾಕಾವ್ಯ ಗಾಯಕಿಯ ಬದುಕು, ಹಾಡು

ಬುರ್ರಕಥೆ ಈರಮ್ಮ ಎಂದೇ ನಾಡಿಗೆ ಪರಿಚಿತರಾಗಿದ್ದ ದರೋಜಿ ಈರಮ್ಮ (1930–2014) ಕರ್ನಾಟಕದ ಮೌಖಿಕ ಮಹಾಕಾವ್ಯ ಪರಂಪರೆಯ ಅಗ್ರಗಣ್ಯ ಗಾಯಕಿಯರಲ್ಲೊಬ್ಬರು. ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ದರೋಜಿ ಅವರ ಊರು. ಹೊರಗಿನವರಿಗೆ ಆ ಊರು ಕರಡಿಧಾಮದಿಂದ ಗೊತ್ತು; ಜಾನಪದ ಬಲ್ಲವರಿಗೆ ಈರಮ್ಮನವರಿಂದ. ಶಾಲೆಯ ಮೆಟ್ಟಿಲು ಹತ್ತದ ಈ ಹೆಣ್ಣುಮಗಳ ನೆನಪಿನಲ್ಲಿ 12 ಮಹಾಕಾವ್ಯಗಳಿದ್ದವು. ಒಂದೊಂದನ್ನೂ ರಾತ್ರಿಗಟ್ಟಲೆ ಹಾಡಬಲ್ಲವರಾಗಿದ್ದರು.

ಈರಮ್ಮ ಜನಿಸಿದ್ದು ಬುಡ್ಗ ಜಂಗಮ ಸಮುದಾಯದಲ್ಲಿ. ಈ ಸಮುದಾಯ ಅಲೆಮಾರಿ. ಮನೆಮಾತು ತೆಲುಗು, ತಿರುಗುವ ನಾಡು ಕನ್ನಡ, ತೆಲುಗು, ಮರಾಠಿ ಮೂರೂ ಕೂಡುವ ಬಯಲುಸೀಮೆ. ಊರ ಹೊರಗೆ ಗುಡಾರ ಹಾಕಿ, ಕಥೆ ಹಾಡಿ, ಕಾಳುಕಡಿ ಬೇಡಿ, ಸುಗ್ಗಿ ಮುಗಿದ ಮೇಲೆ ಮುಂದಿನ ಊರಿಗೆ ನಡೆಯುವುದು ಅವರ ತಲೆಮಾರುಗಳ ಜೀವನಕ್ರಮ. ಈರಮ್ಮ ಹಾಡು ಕಲಿತದ್ದು ತಂದೆಯಿಂದ. ಹನ್ನೆರಡರ ಪ್ರಾಯದಲ್ಲಿಯೇ ಕಥೆಗೆ ನಿಂತರು. ಮುಂದೆ ಅವರ ಮೇಳದಲ್ಲಿ ಜತೆಗಾರ್ತಿಯರಾಗಿ ಇದ್ದವರು ಸಹೋದರಿ ಶಿವಮ್ಮ ಮತ್ತು ನಾದಿನಿ ಪಾರ್ವತಮ್ಮ. ಹೀಗಾಗಿ ಮೂವರೂ ಹೆಂಗಸರೇ ಇದ್ದ ಮೇಳವದು. ಈ ಸಂಗತಿ ಸಣ್ಣದಲ್ಲ. ಜಂಗಮ ಕಥೆಯ ಹಳೆಯ ಪದ್ಧತಿಯಲ್ಲಿ ಕಥೆ ಹೇಳುವವನು ಗಂಡಸು. ಹೆಂಗಸರು ಪಕ್ಕದಲ್ಲಿ ನಿಂತು ವಾದ್ಯ ನುಡಿಸಿ ಸೊಲ್ಲು ಹಿಡಿಯುವವರು. ಈರಮ್ಮ ನಡುವೆ ನಿಂತರು.

ಬುರ್ರಕಥೆ ಎಂದರೇನು

ತೆಲುಗಿನ 'ಬುರ್ರ' ಎಂಬ ಮಾತಿಗೆ ಬುರುಡೆ ಎಂಬರ್ಥವಿದೆ. ತಂಬೂರಿಯ ಬುರುಡೆಯಿಂದಲೇ ಕಲೆಗೆ ಈ ಹೆಸರು ಬಂದಿದೆ. ಮುಖ್ಯ ಗಾಯಕಿಯ ಹೆಗಲ ಮೇಲೆ ತಂಬೂರಿ, ಬೆರಳಿನಲ್ಲಿ ಲೋಹದ ಉಂಗುರ. ಆ ಉಂಗುರವೇ ತಾಳ. ಎಡಬಲದಲ್ಲಿರುವ ಇಬ್ಬರು ಕೈಯಳತೆಯ ಚರ್ಮವಾದ್ಯ ನುಡಿಸುತ್ತಾರೆ. ಗಾಯಕಿ ಒಂದು ಸಾಲು ಎತ್ತಿಕೊಟ್ಟರೆ ಪಕ್ಕದವರು ಅದನ್ನು ಸೊಲ್ಲಿನಿಂದ ಮುಗಿಸುತ್ತಾರೆ. ಹಾಡು ನಿಂತೊಡನೆ ಮಾತು ಬರುತ್ತದೆ. ಮಾತಿನ ನಡುವೆ ಪಕ್ಕದವಳು 'ಆಮೇಲೇನಾಯ್ತು' ಎಂದು ಕೇಳುತ್ತಾಳೆ, ನಗೆಯಾಡುತ್ತಾಳೆ, ಕೇಳುಗರ ಪರವಾಗಿ ಸಂದೇಹ ಎತ್ತುತ್ತಾಳೆ. ಕಥೆ ನಿಂತಲ್ಲೇ ನಿಂತು ಹೇಳುವಂಥದ್ದಲ್ಲ. ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಕುಣಿತವೂ ಇರುತ್ತದೆ. ಹಾಡು, ಗದ್ಯ, ಅಭಿನಯ, ಹಾಸ್ಯ ನಾಲ್ಕನ್ನೂ ಮೂರೇ ಜನ ನಿಭಾಯಿಸಬೇಕು.

ಬುರ್ರಕಥೆಗೆ ರಾಜಕೀಯ ಚರಿತ್ರೆಯೂ ಇದೆ. 1940ರ ದಶಕದಲ್ಲಿ ತೆಲುಗು ನಾಡಿನ ಪ್ರಜಾ ನಾಟ್ಯ ಮಂಡಳಿ ಈ ಕಲೆಯನ್ನು ಜನಜಾಗೃತಿಗೆ ಬಳಸಿಕೊಂಡಿತು. ಗುಂಟೂರು ಸೀಮೆಯ ಶೇಖ್ ನಾಜರ್ (1920–1997) ಆ ಕಾಲದ ದೊಡ್ಡ ಹೆಸರು. ಅವರಿಗೆ 1986ರಲ್ಲಿ ಪದ್ಮಶ್ರೀ ಸಂದಿತು. ಮದ್ರಾಸ್ ಪ್ರಾಂತದಲ್ಲಿ ಬ್ರಿಟಿಷರೂ, ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮನ ಸರಕಾರವೂ ಬುರ್ರಕಥೆಯನ್ನು ನಿಷೇಧಿಸಿದ್ದವು. ತಂಬೂರಿ ಹೊತ್ತ ಭಿಕ್ಷುಕ ಕಲಾವಿದರಿಗೆ ಎರಡೆರಡು ಪ್ರಭುತ್ವಗಳು ಅಂಜಿದವೆಂದರೆ ಆ ಕಲೆಯ ಶಕ್ತಿ ಎಷ್ಟಿರಬೇಕೆಂದು ಊಹಿಸಬಹುದು. ಈರಮ್ಮ ಹಾಡಿದ್ದು ಮಾತ್ರ ರಾಜಕೀಯದ ಕಥೆಗಳನ್ನಲ್ಲ. ಹಿರಿಯರಿಂದ ಬಂದ ವೀರರ, ಪತಿವ್ರತೆಯರ, ದೇವತೆಗಳ ಕಥೆಗಳನ್ನು.

ಹನ್ನೆರಡು ಕಾವ್ಯಗಳು

ಅವರ ಕಂಠದಲ್ಲಿದ್ದ ಕಾವ್ಯಗಳಲ್ಲಿ ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ, ಜೈಸಿಂಗರಾಜ ಮುಖ್ಯವಾದವು. ಎಲ್ಲ ಸೇರಿ 2 ಲಕ್ಷ ಪದಗಳು, 7 ಸಾವಿರ ಪುಟಗಳು ಎಂಬ ಲೆಕ್ಕ ಹಲವು ಕಡೆ ಅಚ್ಚಾಗಿದೆ. ಭಾಗಿಸಿ ನೋಡಿದರೆ ಪುಟಕ್ಕೆ 28 ಅಥವಾ 29 ಪದ ಮಾತ್ರ ಆಗುತ್ತದೆ. ಸಾಲುಗಳ ಲೆಕ್ಕವೇ ಎಲ್ಲೋ ಪದಗಳ ಲೆಕ್ಕವಾಗಿ ದಾಟಿ ಬಂದಿರುವ ಸಾಧ್ಯತೆ ಹೆಚ್ಚು. ಯಾವುದೇ ಆಗಲಿ, ಅಂದಾಜಿನಲ್ಲಿ ಅರ್ಧ ಕಳೆದರೂ ಒಬ್ಬರ ನೆನಪಿಗೆ ಅದು ಅಪಾರವಾದ ಹೊರೆಯೇ.

ಕುಮಾರರಾಮನ ಕಥೆ ಈರಮ್ಮನವರಿಗೆ ಊರ ಮಗ್ಗುಲಿನ ಕಥೆ. ಕಂಪಿಲರಾಯನ ಮಗ ರಾಮನಾಥ ಹದಿನಾಲ್ಕನೆಯ ಶತಮಾನದ ಆದಿಭಾಗದವನು. ಕಂಪ್ಲಿ ದರೋಜಿಯ ನೆರೆಯ ಪಟ್ಟಣ. ಅವನ ಕೋಟೆ ಕುಮ್ಮಟದುರ್ಗ ಗಂಗಾವತಿ ಸೀಮೆಯಲ್ಲಿದೆ. ಆಡುವ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದ ರಾಮನನ್ನು ಅವಳು ಮೋಹಿಸುತ್ತಾಳೆ. ಅವನು ಒಲ್ಲೆನೆಂದಾಗ ಗಂಡನೆದುರು ಸುಳ್ಳು ದೂರು ಹೇಳುತ್ತಾಳೆ. ತಂದೆ ಮಗನ ತಲೆ ತೆಗೆಯಲು ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಅಡಗಿಸಿಟ್ಟು ಬೇರೆ ತಲೆ ತೋರಿಸುತ್ತಾನೆ. ದೆಹಲಿಯ ಸೈನ್ಯ ಮೇಲೆ ಬಂದಾಗ ಸತ್ತನೆಂದುಕೊಂಡಿದ್ದ ಮಗ ಎದ್ದು ಬಂದು ಹೋರಾಡುತ್ತಾನೆ, ಕೊನೆಗೆ ರಣದಲ್ಲಿ ಮಡಿಯುತ್ತಾನೆ. ಇದೇ ವಸ್ತುವನ್ನು ನಂಜುಂಡ ಕವಿ ಹದಿನಾರನೆಯ ಶತಮಾನದಲ್ಲಿ 'ರಾಮನಾಥ ಚರಿತೆ'ಯಾಗಿ ಬರೆದನು. ಓಲೆಗರಿಯ ಕವಿಯ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ಬಹಳ ಹಿಂದೆಯೇ ಸೇರಿತು. ತಂಬೂರಿಯ ಕವಿಗಳ ಹೆಸರು ಸೇರಲು ನಾಲ್ಕು ನೂರು ವರ್ಷ ಹಿಡಿಯಿತು.

ಬಾಲನಾಗಮ್ಮ ಹೆಂಗಸರ ಕಥೆ. ಮಾಯಗಾರನೊಬ್ಬ ಕೈಕೂಸಿನ ತಾಯಿಯನ್ನು ಹೊತ್ತೊಯ್ದು ಸೆರೆಯಿಡುತ್ತಾನೆ. ದೊಡ್ಡವನಾದ ಮಗ ಮಾಯಗಾರನ ಜೀವ ಅಡಗಿರುವ ಗಿಣಿಯನ್ನು ಹುಡುಕಿ ತಾಯಿಯನ್ನು ಬಿಡಿಸುತ್ತಾನೆ. 1942ರಲ್ಲಿ ತೆಲುಗಿನಲ್ಲಿ ಇದೇ ಹೆಸರಿನ ಚಲನಚಿತ್ರ ಬಂದು ಭಾರಿ ಯಶಸ್ಸು ಕಂಡಿತು. ಗಡಿಯ ಈಚೆ ಬದಿಯ ಕೇಳುಗರಿಗೆ ಚಿತ್ರಕ್ಕಿಂತ ಬುರ್ರಕಥೆಯೇ ಹತ್ತಿರ.

ಕಲಬುರಗಿಯ ಪೂರ್ವಸೀಮೆ

ಈರಮ್ಮ ಬಳ್ಳಾರಿಯವರಾದರೂ ಅವರ ಕಲೆಯ ಹರವನ್ನು ತಿಳಿಯಲು ಕಲಬುರಗಿ ಜಿಲ್ಲೆಯ ಪೂರ್ವಭಾಗವನ್ನು ನೋಡಬೇಕು. ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಈ ಐದೂ ಊರುಗಳು ಒಂದು ಕಾಲಕ್ಕೆ ನಿಜಾಮನ ಸೀಮೆ. 1948ರಲ್ಲಿ ಆ ಆಳ್ವಿಕೆ ಮುಗಿಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಅದೇ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಕಾಗದದ ಮೇಲೆ ಗೆರೆ ಬಿತ್ತು. ನೆಂಟಸ್ತನ, ಸಂತೆ, ಭಾಷೆ ಹಾಗೆಯೇ ಉಳಿದವು. ಸೇಡಂ, ಚಿಂಚೋಳಿಯ ಗಡಿ ಹಳ್ಳಿಗಳಲ್ಲಿ ಕನ್ನಡ, ತೆಲುಗು ಎರಡೂ ಬಾರದವರು ವಿರಳ. ಪೇಟೆಯಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಒಂದು ಭಾಷೆಯಲ್ಲಿ ಹಾಡುತ್ತ ಇನ್ನೊಂದರಲ್ಲಿ ನಗೆಯಾಡುವ ಬುಡ್ಗ ಜಂಗಮರ ಕಥೆಗೆ ಇದಕ್ಕಿಂತ ಒಪ್ಪುವ ನೆಲ ಬೇರಿಲ್ಲ.

ಈ ದಾರಿಗೆ ರೈಲೂ ಜತೆಯಾಯಿತು. ವಾಡಿಯಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ಮೂಲಕ ಸಿಕಂದರಾಬಾದಿಗೆ ಹೋಗುವ ಮಾರ್ಗ 1874ರಲ್ಲಿಯೇ ಆರಂಭವಾಗಿತ್ತು. ಮುಂಬಯಿ-ಮದ್ರಾಸ್ ಮಾರ್ಗವನ್ನು ಅದು ವಾಡಿಯಲ್ಲಿ ಕೂಡುತ್ತದೆ. ಶಹಾಬಾದದ ಹಾಸುಗಲ್ಲು ಹೊರನಾಡಿಗೆ ಹೋದದ್ದು, ಸಿಮೆಂಟು ಕಾರ್ಖಾನೆಗಳಿಗೆ ಕೂಲಿಗಳು ಬಂದದ್ದು ಇದೇ ಹಳಿಗಳ ಮೇಲೆ. ಕಾರ್ಖಾನೆ ಬಂದ ಕಡೆ ಸಂಬಳದ ದಿನ ಬಂತು, ಪಾಳಿ ಬಂತು. ಬೆಳಗಿನ ಪಾಳಿಗೆ ಹೋಗಬೇಕಾದವನು ರಾತ್ರಿಯೆಲ್ಲ ಕುಳಿತು ಕಥೆ ಕೇಳುವುದು ಹೇಗೆ? ಟೀವಿ ಬರುವುದಕ್ಕೂ ಮೊದಲೇ ಅಹೋರಾತ್ರಿ ಕಥೆಯನ್ನು ಮೊಟಕುಗೊಳಿಸಿದ್ದು ಕಾರ್ಖಾನೆಯ ಸೈರನ್ನು ಎಂದರೆ ತಪ್ಪಾಗಲಾರದು.

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕ್ರಿ.ಶ. 850ರ ಸುಮಾರಿಗೆ ಶ್ರೀವಿಜಯನು ರಚಿಸಿದ 'ಕವಿರಾಜಮಾರ್ಗ'ದಲ್ಲಿ, ಕನ್ನಡ ನಾಡಿನ ಜನ ಓದು ಕಲಿಯದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರು ಎಂಬರ್ಥದ ಮಾತು ಬರುತ್ತದೆ. ರಾಜ್ಯೋತ್ಸವದ ಭಾಷಣಗಳಲ್ಲಿ ಸವೆದುಹೋಗಿರುವ ಮಾತದು. ಈರಮ್ಮನಂಥವರನ್ನು ಕಂಡಾಗ ಅದು ಹೊಗಳಿಕೆಯಲ್ಲ, ಬರೀ ವರದಿ ಎನಿಸುತ್ತದೆ.

ನೆನಪಿನ ರಹಸ್ಯ

ಅಕ್ಷರ ಬಾರದವರು ಇಷ್ಟು ದೀರ್ಘ ಕಾವ್ಯಗಳನ್ನು ನೆನಪಿಡುವುದು ಹೇಗೆ ಎಂಬ ಪ್ರಶ್ನೆಗೆ ವಿದ್ವಾಂಸರು ಕಂಡುಕೊಂಡ ಉತ್ತರ ಕುತೂಹಲಕರ. ಅಮೆರಿಕದ ಮಿಲ್ಮನ್ ಪ್ಯಾರಿ 1933–35ರಲ್ಲಿ ಯುಗೊಸ್ಲಾವಿಯದ ಹಳ್ಳಿಗಳಲ್ಲಿ ಅನಕ್ಷರಸ್ಥ ಗಾಯಕರ ಹಾಡುಗಳನ್ನು ಧ್ವನಿಮುದ್ರಿಸಿದರು. ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರ ಗ್ರಂಥದಲ್ಲಿ ವಿವರಿಸಿದಂತೆ, ಇಂಥ ಗಾಯಕರು ಕಾವ್ಯವನ್ನು ಉರು ಹೊಡೆಯುವುದಿಲ್ಲ. ಸಿದ್ಧ ನುಡಿಗಟ್ಟುಗಳು, ಸಿದ್ಧ ಸನ್ನಿವೇಶಗಳು ಅವರ ಬಂಡವಾಳ. ರಾಜ ಸಭೆಗೆ ಬರುವುದು, ಹೆಣ್ಣು ಸಿಂಗರಿಸಿಕೊಳ್ಳುವುದು, ಕುದುರೆಗೆ ಜೀನು ಬಿಗಿಯುವುದು ಮುಂತಾದವನ್ನು ಜೋಡಿಸುತ್ತ ಹಾಡುವಾಗಲೇ ಕಾವ್ಯವನ್ನು ಕಟ್ಟುತ್ತಾರೆ. ಆದ್ದರಿಂದಲೇ ಒಂದೇ ಕಥೆ ಒಂದೂರಲ್ಲಿ ಎರಡು ತಾಸು, ಇನ್ನೊಂದೂರಲ್ಲಿ ಎರಡು ರಾತ್ರಿ. ಕರ್ನಾಟಕದಲ್ಲಿಯೇ ಇದಕ್ಕೆ ಹೆಸರಾಂತ ನಿದರ್ಶನವಿದೆ. ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರ ತಂಡ 1990ರಲ್ಲಿ ದಾಖಲಿಸಿತು. ಅದು 15,683 ಸಾಲುಗಳಷ್ಟಾಯಿತು. ಈರಮ್ಮನವರ ಸಂಪತ್ತು ಒಂದು ಕಾವ್ಯದ್ದಲ್ಲ, ಹನ್ನೆರಡರದ್ದು.

ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಸ್ಥಾಪನೆಯಾದದ್ದು ಈರಮ್ಮನವರ ಪಾಲಿಗೆ ಮಹತ್ವದ ತಿರುವು. ಅವರ ಊರಿಗೆ ಸಮೀಪದಲ್ಲಿಯೇ ಜಾನಪದವನ್ನು ಗಂಭೀರವಾಗಿ ಪರಿಗಣಿಸುವ ಸಂಸ್ಥೆಯೊಂದು ತಲೆಯೆತ್ತಿತು. ಅಲ್ಲಿನ ವಿದ್ವಾಂಸರು ಅವರ ಕಾವ್ಯಗಳನ್ನು ದಾಖಲಿಸಿ ಕೆಲವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಭಿಕ್ಷೆಯ ಹಾಡೆನಿಸಿದ್ದು ಗ್ರಂಥಾಲಯದ ಕಪಾಟು ಸೇರಿತು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಮುಂದೆ ಅದೇ ವಿಶ್ವವಿದ್ಯಾಲಯ ತನ್ನ ಅತ್ಯುನ್ನತ ಗೌರವವಾದ ನಾಡೋಜ ಪದವಿಯನ್ನು ಅವರಿಗೆ ನೀಡಿತು. ಸರಕಾರದ ಜಾನಪದಶ್ರೀಯೂ ಸಂದಿತು. 2014ರ ಆಗಸ್ಟ್ 12ರಂದು, 84ರ ವಯಸ್ಸಿನಲ್ಲಿ ಈರಮ್ಮ ನಿಧನರಾದರು.

ಅಚ್ಚಾದ ಪಠ್ಯ ದೊಡ್ಡ ಉಪಕಾರವೆನ್ನುವುದರಲ್ಲಿ ಸಂದೇಹವಿಲ್ಲ. ಆದರೆ ಅದರಲ್ಲಿ ಉಂಗುರದ ತಾಳವಿಲ್ಲ, ಪಕ್ಕದವಳ ನಗೆಯಿಲ್ಲ, ಕೇಳುಗರ ಮುಖ ನೋಡಿ ಕಥೆಯನ್ನು ಹಿಗ್ಗಿಸುವ ಕುಗ್ಗಿಸುವ ಜಾಣ್ಮೆಯಿಲ್ಲ. ಆ ಜಾಣ್ಮೆ ವರ್ಷಗಟ್ಟಲೆ ಮೇಳದಲ್ಲಿ ಸೊಲ್ಲು ಹಿಡಿದು ಕಲಿಯುವಂಥದ್ದು. ಸಮುದಾಯದ ಮಕ್ಕಳು ಗುಡಾರ ಬಿಟ್ಟು ಶಾಲೆಗೆ ಹೋಗುವುದು ನ್ಯಾಯವಾದ ಬದಲಾವಣೆ. ಭಿಕ್ಷೆಯ ಬದುಕನ್ನು ಕಲೆಯ ನೆಪದಲ್ಲಿ ಉಳಿಸಬೇಕೆಂದು ಯಾರೂ ಕೇಳಲಾರರು. ಆದರೆ ಶಾಲೆಗೆ, ನೌಕರಿಗೆ ಬೇಕಾದ ಕಾಗದವೇ ಅವರಿಗೆ ಸುಲಭವಾಗಿಲ್ಲ. ಪರಿಶಿಷ್ಟ ಜಾತಿಗಳ ರಾಜ್ಯ ಪಟ್ಟಿಯಲ್ಲಿ 'ಬೇಡ ಜಂಗಮ, ಬುಡ್ಗ ಜಂಗಮ' ಎಂಬ ಹೆಸರುಗಳು ಒಂದೇ ಕ್ರಮಸಂಖ್ಯೆಯಡಿ ಬರುತ್ತವೆ. ಬೇಡ ಜಂಗಮರೆಂಬ ಪ್ರಮಾಣಪತ್ರಕ್ಕೆ ವೀರಶೈವ ಜಂಗಮರೂ ಹಕ್ಕು ಮಂಡಿಸಿದ್ದರಿಂದ ಕಲಬುರಗಿ, ಬೀದರ ಸೀಮೆಯಲ್ಲಿ ಈ ವಿವಾದ ದಶಕಗಳಿಂದ ಕಚೇರಿ, ನ್ಯಾಯಾಲಯಗಳನ್ನು ಸುತ್ತುತ್ತ ಬಂದಿದೆ. ಸ್ಥಿರ ವಿಳಾಸವಿಲ್ಲದ, ಭೂಮಿಯ ದಾಖಲೆಯಿಲ್ಲದ ಅಲೆಮಾರಿ ಕುಟುಂಬಗಳು ತಾವು ಯಾರೆಂಬುದನ್ನು ಕಾಗದದ ಮೇಲೆ ರುಜುವಾತುಪಡಿಸಬೇಕಾಗಿದೆ.