ಬಾಯಿ ಉರಿ, ಜೋಳ, ಬಿ ಕಾಂಪ್ಲೆಕ್ಸ್

ನಮ್ಮ ಹರಪನಹಳ್ಳಿ ಕಡೆ ಯಾರಾದ್ರೂ "ಬಾಯಿ ಉರೀತೈತಿ, ಖಾರ ತಿನ್ನಾಕ ಆಗವಲ್ದು" ಅಂದ್ರೆ ಮೊದಲು ಕೈಗೆ ಬರೋದು ಬಿ ಕಾಂಪ್ಲೆಕ್ಸ್ ಗುಳಿಗೆ. ಅದರ ಹಿಂದೆ ಒಂದು ಇತಿಹಾಸ ಇದೆ ಕಣ್ರೀ.

ಜೋಳ ಬಿಟ್ಟರೆ ಬೇರೆ ಕಾಣದ ದಖನ್ನಿನ ಬಡವರಲ್ಲಿ ಪೆಲ್ಲಾಗ್ರ ಅನ್ನೋ ಕಾಯಿಲೆ ಇತ್ತು. ನಾಲಿಗೆ ಕೆಂಪಾಗಿ ಉರಿ, ಭೇದಿ, ಬಿಸಿಲು ಬಿದ್ದಲ್ಲಿ ಚರ್ಮ ಕಪ್ಪಾಗಿ ಸುಲಿಯೋದು, ಕೊನೆಗೆ ಬುದ್ಧಿಭ್ರಮೆ. 1937ರಲ್ಲಿ ಅಮೆರಿಕದ ಎಲ್ವೆಜೆಮ್ ನಾಯಿಗಳ ಕಪ್ಪು ನಾಲಿಗೆ ರೋಗವನ್ನು ನಯಾಸಿನ್‌ನಿಂದ ವಾಸಿ ಮಾಡಿದರು. ಅದೇ ಪೆಲ್ಲಾಗ್ರಕ್ಕೂ ಮದ್ದಾಯ್ತು. ಆದ್ರೆ ಜೋಳದಲ್ಲಿ ನಯಾಸಿನ್ ಅಕ್ಕಿಗಿಂತ ಕಡಿಮೆಯೇನಿಲ್ಲವಲ್ಲ! 1960ರಲ್ಲಿ ಹೈದರಾಬಾದಿನ ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಕಡೆ ಬೊಟ್ಟು ಮಾಡಿದರು. ಆ ವಾದ ಆಮೇಲೂ ಎಳೆದಾಡಿತು. (ರೊಟ್ಟಿ ಬಿಡೋದು ಬೇಡ, ಜೊತೆಗೆ ಬೇಳೆ, ಶೇಂಗಾ, ಹಾಲು ಇರಲಿ :) )

ನಮ್ಮ ದೊಡ್ಡವ್ವನ ಉರಿ ಬೇರೆ. ನಾಲಿಗೆ ನೋಡಿದ್ರೆ ಏನೂ ಇಲ್ಲ, ರಕ್ತ ಪರೀಕ್ಷೆ ಸರಿ, ಸಂಜೆಯಾದ್ರೆ ಮಾತ್ರ ಜೋರು. ವರ್ಷಗಟ್ಟಲೆ ಗುಳಿಗೆ ನುಂಗಿದ್ಲು, ಮನೆಯವರು "ನಾಟಕ" ಅಂದ್ರು. ಇದಕ್ಕೆ ಬರ್ನಿಂಗ್ ಮೌತ್ ಸಿಂಡ್ರೋಮ್ ಅಂತಾರೆ. ಸಕ್ಕರೆ ಕಾಯಿಲೆ, ಕಬ್ಬಿಣ, ಬಿ12, ಫಂಗಸ್ ಎಲ್ಲಾ ನೋಡಿ, ಏನೂ ಸಿಗದಿದ್ದಾಗ ಇಡೋ ಹೆಸರು. ನರದ ತೊಂದರೆ ಅನ್ನೋದು ಈಗಿನ ತಿಳುವಳಿಕೆ. ಮುಟ್ಟು ನಿಂತ ಹೆಂಗಸರಲ್ಲೇ ಜಾಸ್ತಿ. ಕ್ಯಾನ್ಸರಿಗೆ ತಿರುಗಲ್ಲ, ಆದ್ರೆ ತಾನಾಗಿ ಪೂರ್ತಿ ಹೋಗೋದು ಕೆಲವರಿಗಷ್ಟೇ. ಡಾಕ್ಟರ್ ಹೇಳಿದಂತೆ ಕ್ಲೋನಜೆಪಾಮ್ ಗುಳಿಗೆ ಚೀಪಿ ಉಗುಳಿದ್ರೆ ಕೆಲವರಿಗೆ ಇಳಿಯುತ್ತೆ. ದೊಡ್ಡವ್ವಗೆ ಅರ್ಧ ಇಳಿದಿದೆ, ಕೆಂಪು ಚಟ್ನಿ ಮಾತ್ರ ಇನ್ನೂ ದೂರ. "ನಾಟಕ" ಅಂತ ಈಗ ಯಾರೂ ಅನ್ನಲ್ಲ.