ಜಲಪಾತದಿಂದ ಮನೆದೀಪಕ್ಕೆ

ನಿಸರ್ಗವು ಶಕ್ತಿಯನ್ನು ಧಾರಾಳವಾಗಿ ಸುರಿಯುತ್ತದೆ. ಆದರೆ ಅದು ಯಾರ ಮನೆಯನ್ನು ಬೆಳಗಬೇಕೆಂಬುದನ್ನು ಮನುಷ್ಯನೇ ನಿರ್ಣಯಿಸಬೇಕಾಗುತ್ತದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ, ಮೂಡಲಗಿಗಳ ಇತಿಹಾಸವನ್ನು ಈ ದೃಷ್ಟಿಯಿಂದ ಅವಲೋಕಿಸಿದರೆ, ಇಂದು ಲೋಕವೆಲ್ಲ ಚರ್ಚಿಸುತ್ತಿರುವ ಹೊಗೆಯಿಲ್ಲದ ಶಕ್ತಿಯ ಪ್ರಶ್ನೆಗೆ ನಮ್ಮ ನೆಲದಲ್ಲಿಯೇ ಕೆಲವು ಉತ್ತರಗಳು ದೊರೆಯುತ್ತವೆ.

ಗೋಕಾಕದ ಬಳಿ ಘಟಪ್ರಭೆಯು ಸುಮಾರು 52 ಮೀಟರು ಎತ್ತರದ ಬಂಡೆಯಿಂದ ಧುಮುಕುತ್ತದೆ. ದಂಡೆಯ ಮೇಲಿರುವ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯವನ್ನು ಕಟ್ಟಿದವರು ಈ ಪ್ರಪಾತದಲ್ಲಿ ದೈವದ ಸಾನ್ನಿಧ್ಯವನ್ನು ಕಂಡರು. ಶತಮಾನಗಳ ತರುವಾಯ ಬಂದ ವ್ಯಾಪಾರಸ್ಥರು ಅದರಲ್ಲಿ ಗಿರಣಿಯ ಚಕ್ರವನ್ನು ತಿರುಗಿಸಬಲ್ಲ ಬಲವನ್ನು ಕಂಡರು. 1885ರಲ್ಲಿ ಅಸ್ತಿತ್ವಕ್ಕೆ ಬಂದ ಕಂಪನಿಯು ತನ್ನ ಹೆಸರಿನಲ್ಲಿಯೇ ‘ವಾಟರ್ ಪವರ್’ ಎಂಬ ಮಾತನ್ನು ಸೇರಿಸಿಕೊಂಡಿತ್ತು. 1887ರಲ್ಲಿ ನೂಲಿನ ಗಿರಣಿ ಕೆಲಸವಾರಂಭಿಸಿತು. ಮುಂಬಯಿಯ ಗಿರಣಿಗಳು ದೂರದಿಂದ ತರಿಸಿದ ಕಲ್ಲಿದ್ದಲನ್ನು ಸುಡುತ್ತಿದ್ದ ಕಾಲದಲ್ಲಿ ಇಲ್ಲಿ ಬೀಳುವ ನೀರೇ ಟರ್ಬೈನುಗಳನ್ನು ತಿರುಗಿಸಿತು. ಡಾರ್ಜಿಲಿಂಗಿನ ಜಲವಿದ್ಯುತ್ ಕೇಂದ್ರ 1897ರದು. ಕೋಲಾರದ ಚಿನ್ನದ ಗಣಿಗಳಿಗೆ ಬೆಳಕನ್ನೂ ಬಲವನ್ನೂ ಕಳುಹಿದ ಶಿವನಸಮುದ್ರ 1902ರದು. ಗೋಕಾಕದ ನೀರು ಇವೆರಡಕ್ಕೂ ಮೊದಲೇ ದುಡಿಯತೊಡಗಿತ್ತೆಂಬುದು ಈ ನಾಡಿನ ಹೆಮ್ಮೆ.

ಆ ಉದ್ಯಮಿಗಳು ಪರಿಸರದ ಕಾಳಜಿಯಿಂದ ಇಲ್ಲಿಗೆ ಬಂದವರಲ್ಲ. ಹತ್ತಿ ಬೆಳೆಯುವ ಸೀಮೆ ಹತ್ತಿರವಿತ್ತು. ನೀರಿನ ಬಲ ಇದ್ದಿಲಿಗಿಂತ ಅಗ್ಗವಾಗಿತ್ತು. ಲಾಭವೂ ನಿರ್ಮಲತೆಯೂ ಒಂದೇ ದಾರಿಯಲ್ಲಿ ನಡೆಯಬಲ್ಲವೆಂಬುದಕ್ಕೆ ಅದೊಂದು ದೃಷ್ಟಾಂತ. ಆದರೆ ಅದರ ಮಿತಿಯನ್ನೂ ನಾವು ಕಾಣಬೇಕು. ಗಿರಣಿಗಾಗಿ ದುಡಿದ ಶಕ್ತಿ ಬಹುಮಟ್ಟಿಗೆ ಗಿರಣಿಯ ಆವರಣದಲ್ಲಿಯೇ ಉಳಿಯಿತು. ಸುತ್ತಲಿನ ಹಳ್ಳಿಗಳಲ್ಲಿ ಬಹುಕಾಲ ಎಣ್ಣೆಯ ದೀಪವೇ ಉರಿಯಿತು. ಈಗ ಮೂಡಲಗಿ ತಾಲೂಕಿಗೆ ಸೇರಿರುವ ಕುಲಗೋಡ, ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ತಮ್ಮಣ್ಣನ ಊರು. ಇರುಳೆಲ್ಲ ನಡೆಯುತ್ತಿದ್ದ ಆ ಆಟಗಳನ್ನು ನಮ್ಮ ಹಿರಿಯರು ಪಂಜಿನ ಬೆಳಕಿನಲ್ಲಿಯೇ ನೋಡಿ ತಣಿದರು.

ಶಕ್ತಿಯನ್ನು ಹುಟ್ಟಿಸುವುದು ಒಂದು ಸಾಧನೆ. ಅದನ್ನು ಹಂಚುವುದು ಇನ್ನೊಂದು. ಈ ಎರಡನೆಯ ಅಧ್ಯಾಯವನ್ನು ಬರೆದದ್ದು ಹುಕ್ಕೇರಿ. ಅಮೆರಿಕೆಯಲ್ಲಿ 1930ರ ದಶಕದಲ್ಲಿ ಚದುರಿದ ಹೊಲಮನೆಗಳಿಗೆ ತಂತಿ ಎಳೆಯುವುದು ಲಾಭದ ಕೆಲಸವಲ್ಲವೆಂದು ಖಾಸಗಿ ಕಂಪನಿಗಳು ಹಿಂಜರಿದಾಗ, ರೈತರು ತಮ್ಮದೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಸರಕಾರದ ಸಾಲದಿಂದ ದೀಪ ಹಚ್ಚಿಕೊಂಡರು. ಆ ಮಾದರಿಯನ್ನು ಭಾರತದಲ್ಲಿ ಪರೀಕ್ಷಿಸಲು ಆಯ್ದ ಐದು ಪ್ರದೇಶಗಳಲ್ಲಿ ಹುಕ್ಕೇರಿಯೂ ಒಂದು. 1969ರಲ್ಲಿ ಇಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರ ಹೆಸರು ಅದರೊಡನೆ ಬೆಸೆದುಕೊಂಡಿದೆ. ಸಗಟಾಗಿ ವಿದ್ಯುತ್ತನ್ನು ಕೊಂಡು ಮನೆಗೂ ಪಂಪುಸೆಟ್ಟಿಗೂ ಹಂಚುವುದು ಸಂಘದ ಕೆಲಸ. ಬಳಕೆದಾರನೇ ಸದಸ್ಯ, ಸದಸ್ಯನೇ ಒಡೆಯ. ಜೊತೆಗೆ ಹುಟ್ಟಿದವುಗಳಲ್ಲಿ ಕೆಲವು ಕಾಲಾಂತರದಲ್ಲಿ ಕಣ್ಮುಚ್ಚಿದವು. ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘವು 2011ರಲ್ಲಿ ವಿತರಣೆಯ ಅಧಿಕಾರವನ್ನೇ ಕಳೆದುಕೊಂಡಿತು. ಹುಕ್ಕೇರಿ ಉಳಿಯಿತು. ಆದರೆ ಒಡೆತನವೆಂದರೆ ಹಕ್ಕಷ್ಟೇ ಅಲ್ಲ. ಬಿಲ್ಲು ಕಟ್ಟುವ, ಲೆಕ್ಕ ಕೇಳುವ, ಸೋರಿಕೆಯನ್ನು ತಡೆಯುವ ಹೊಣೆಯೂ ಹೌದು. ಈ ಹೊಣೆ ಸಡಿಲಿದಲ್ಲಿ ಸಹಕಾರವು ಹಲಗೆಯ ಮೇಲಿನ ಬರಹವಾಗಿ ಮಾತ್ರ ಉಳಿದೀತು.

ಮೂರನೆಯ ಅಧ್ಯಾಯ ಕಬ್ಬಿನದು. ಕಾಲುವೆಯ ನೀರು ಹರಿದ ಮೇಲೆ ಈ ಮೂರೂ ತಾಲೂಕುಗಳಲ್ಲಿ ಕಬ್ಬು ಹಬ್ಬಿತು. ನೂರು ಟನ್ನು ಕಬ್ಬನ್ನು ಅರೆದರೆ ಸುಮಾರು ಮೂವತ್ತು ಟನ್ನು ಹಸಿ ಸಿಪ್ಪೆ ಉಳಿಯುತ್ತದೆ. ಅದನ್ನೇ ಒಣಗಿಸಿ ಬೆಲ್ಲದ ಕೊಪ್ಪರಿಗೆಯ ಕೆಳಗೆ ಉರಿಸುವುದು ಆಲೆಮನೆಯ ಹಳೆಯ ವಿವೇಕ. ಇಂದಿನ ಸಕ್ಕರೆ ಕಾರ್ಖಾನೆಗಳು ಅದೇ ಸಿಪ್ಪೆಯಿಂದ ಹಬೆಯನ್ನೂ ವಿದ್ಯುತ್ತನ್ನೂ ಪಡೆದು, ಮಿಕ್ಕಿದ ವಿದ್ಯುತ್ತನ್ನು ಮಾರುತ್ತವೆ. ಹೊಗೆಯೇನೋ ಏಳುತ್ತದೆ, ಅದರಲ್ಲಿನ ಇಂಗಾಲ ಮಾತ್ರ ಬೆಳೆಯುವಾಗ ಕಬ್ಬು ಗಾಳಿಯಿಂದ ಹೀರಿಕೊಂಡದ್ದೇ ಆಗಿದೆ.

ಇಲ್ಲಿ ಋತುಗಳೂ ಒಂದರ ಕೈಯನ್ನೊಂದು ಹಿಡಿಯುತ್ತವೆ. ಮಳೆಗಾಲದಲ್ಲಿ ಹೊಳೆ ತುಂಬುತ್ತದೆ. ಚಳಿಗಾಲದಲ್ಲಿ ಕಬ್ಬು ನುರಿಯುತ್ತದೆ. ಬೇಸಿಗೆಯಲ್ಲಿ, ಹೊಳೆ ಬಡವಾಗಿ ಕಾರ್ಖಾನೆ ನಿಂತಾಗ, ಬಿಸಿಲು ಧಗಧಗಿಸುತ್ತದೆ. ಸೂರ್ಯಫಲಕಗಳಿಗೆ ಅದೇ ಸುಗ್ಗಿ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ಬುಡದಲ್ಲಿಯೂ 32 ಮೆಗಾವಾಟಿನ ವಿದ್ಯುದಾಗಾರವಿದೆ. ಆದರೆ ಈ ಸಮೃದ್ಧಿಯೊಳಗೊಂದು ಎಚ್ಚರಿಕೆಯೂ ಅಡಗಿದೆ. ವಿದ್ಯುತ್ತು ನೀರನ್ನೆತ್ತುತ್ತದೆ, ನೀರು ಕಬ್ಬನ್ನು ಬೆಳೆಸುತ್ತದೆ, ಕಬ್ಬು ಮತ್ತೆ ವಿದ್ಯುತ್ತಾಗುತ್ತದೆ. ಈ ಚಕ್ರ ಮಿತಿಮೀರಿ ತಿರುಗಿದರೆ ಬಾವಿಗಳ ತಳವೇ ಕಂಡೀತು. ನೀರನ್ನು ಬತ್ತಿಸಿ ಪಡೆದ ಶಕ್ತಿಯನ್ನು ನಿರ್ಮಲವೆಂದು ಕರೆಯುವುದು ಹೇಗೆ?

ಉದ್ಯಮಕ್ಕೆ ಬಂಡವಾಳವೂ ಸಾಹಸವೂ ಇವೆ. ಗೋಕಾಕ ಅದನ್ನು ತೋರಿತು. ಸಮಾಜಕ್ಕೆ ಹಂಚಿಕೊಳ್ಳುವ ಬುದ್ಧಿಯಿದೆ. ಹುಕ್ಕೇರಿ ಅದನ್ನು ತೋರಿತು. ಇವೆರಡೂ ಒಂದೇ ನೊಗಕ್ಕೆ ಹೆಗಲು ಕೊಡುವ ತನಕ ಘಟಪ್ರಭೆಯ ನೀರಿನ ಬಲ ಪೂರ್ಣವಾಗಿ ಅವಳ ಮಕ್ಕಳದಾಗಲಾರದು.