ಕಮಾನ್‌ಗರರ ಕೈ
ಕಮಾನು ಎಂದರೆ ನಮಗೆ ಕಟ್ಟಡದ ಬಾಗಿದ ದ್ವಾರ. ಫಾರಸಿಯಲ್ಲಿ ಅದು ಬಿಲ್ಲು. ಮೊಗಲರ ಕಾಲದ ಕಮಾನ್‌ಗರರು ಮರದ ಒಳಮೈಗೆ ಕೊಂಬು, ಹೊರಮೈಗೆ ಪ್ರಾಣಿಯ ನರ ಅಂಟಿಸಿ ಬಿಲ್ಲು ಕಟ್ಟುತ್ತಿದ್ದರು. ಮಳೆಗಾಲದ ತೇವಕ್ಕೆ ಅಂಟು ಸಡಿಲವಾಗಿ ಬಿಲ್ಲಿನ ತೋಳು ತಿರುಚಿಕೊಳ್ಳುತ್ತಿತ್ತು. ಹದವಾಗಿ ಕಾಯಿಸಿ ಎರಡೂ ತೋಳುಗಳನ್ನು ಸಮಕ್ಕೆ ತರುವುದೇ ಅವರ ಜಾಣ್ಮೆ.

17-18ನೇ ಶತಮಾನಗಳ ಹಿಂದೂಸ್ತಾನದಲ್ಲಿ ಉಕ್ಕಿನ ಬಿಲ್ಲುಗಳೂ ಇದ್ದವು. ಕೆಲವನ್ನು ಹಿಡಿಯ ನಡುವಿನ ತಿರುಪು ಬಿಚ್ಚಿ ಎರಡು ತುಂಡು ಮಾಡಬಹುದಿತ್ತು. ಶಸ್ತ್ರಾಗಾರದಲ್ಲಿ ವರ್ಷಗಟ್ಟಲೆ ಇಟ್ಟರೂ ತೇವಕ್ಕೆ ತಿರುಚುತ್ತಿರಲಿಲ್ಲ. ಆದರೆ ಭಾರ ಹೆಚ್ಚು, ಬಾಣದ ವೇಗ ಕಡಿಮೆ.

ಬಂದೂಕಿನೆದುರು ಎರಡೂ ಮೂಲೆ ಸೇರಿದವು. ಕಸುಬು ಹೋದರೂ ಕೈ ಸುಮ್ಮನಿರಲಿಲ್ಲ. ಕಛ್‌ನ ಕಮಾನ್‌ಗರರು ಗೋಡೆಗಳ ಮೇಲೆ ಚಿತ್ರ ಬರೆದರು. ಉರ್ದುವಿನಲ್ಲಂತೂ ಕಮಾನ್‌ಗರ್ ಎಂದರೆ ಮುರಿದ ಮೂಳೆ ಕೂಡಿಸುವವನು ಎಂಬ ಅರ್ಥವೂ ಇದೆ. ಯುದ್ಧದ ಕಸುಬು ಮನುಷ್ಯರ ನೋವಿಗೆ ಮದ್ದಾದ ಕತೆಯನ್ನು ನಾವು ಆ ಪದದಲ್ಲೇ ಓದಬಹುದು.